ಧಾರವಾಡಕ್ಕೆ ಬಂದಿದ್ದ ಸಮುದ್ರ

ಬೆಳಿಗ್ಗೆ ಎಂಟು, ಸಂಜೆ ನಾಲ್ಕು. ಈ ಎರಡು ಹೊತ್ತಿಗೆ ನಾನು ಎಲ್ಲಿದ್ದರೂ, ಏನು ಮಾಡುತ್ತಿದ್ದರೂ, ಎದ್ದು ಹೊರಗೆ ಹೋಗಿ ಆಕಾಶ ನೋಡುತ್ತೇನೆ. ಭಕ್ತಿಯಿಂದಲ್ಲ, ರಸಿಕತೆಯಿಂದಂತೂ ಅಲ್ಲವೇ ಅಲ್ಲ. ಕೆಲವರಿಗೆ ನಶ್ಯದ ಚಟವಿರುತ್ತದೆ, ಕೆಲವರಿಗೆ ಇಸ್ಪೀಟಿನದು, ನನಗೆ ಮುಗಿಲಿನದು. ನಶ್ಯ ಬಿಡಿಸುವ ವೈದ್ಯರು ಹುಬ್ಬಳ್ಳಿಯಲ್ಲಿ ಒಬ್ಬರು ಇದ್ದಾರಂತೆ. ಮುಗಿಲು ಬಿಡಿಸುವವರು ಇನ್ನೂ ಸಿಕ್ಕಿಲ್ಲ. ಆಕಾಶದ ಹತ್ತು ಪಾಲಿನಲ್ಲಿ ಎಷ್ಟು ಪಾಲನ್ನು ಮೋಡ ಮುಚ್ಚಿದೆ, ಮೋಡ ಯಾವ ಜಾತಿಯದು, ಗಾಳಿ ಎತ್ತಣದು ಎಂದು ಮನಸ್ಸಿನಲ್ಲೇ ಬರೆದುಕೊಂಡು ಒಳಗೆ ಬರುತ್ತೇನೆ. ಬರೆದದ್ದನ್ನು ಕಳಿಸುವುದಕ್ಕೆ ಈಗ ಕಚೇರಿಯಿಲ್ಲ, ಓದಿ ಹೇಳುವುದಕ್ಕೆ ಮನೆಯಲ್ಲಿ ಇನ್ನೊಬ್ಬರಿಲ್ಲ. ಹೀಗಾಗಿ ಮಾಳಮಡ್ಡಿಯ ಈ ಎರಡು ಖೋಲಿಯ ಮನೆಯಲ್ಲಿ ದಿನಕ್ಕೆರಡು ಸಲ ಹವಾಮಾನವು ಹುಟ್ಟಿ, ನನ್ನ ತಲೆಯಲ್ಲಿಯೇ ಸಾಯುತ್ತದೆ.

ಮನೆಯಲ್ಲಿ ಇನ್ನೊಬ್ಬರು ಯಾಕಿಲ್ಲವೆಂದು ನೀವು ಕೇಳಬಹುದು. ಅದಕ್ಕೂ ಈ ಚಟವೇ ಕಾರಣ. ಪುಣೆಯ ಹವಾಮಾನ ಕಚೇರಿಯಲ್ಲಿ ನನಗೆ ಕೆಲಸವಾದ ಹೊಸದರಲ್ಲಿ ಅವ್ವ ನನ್ನನ್ನು ಹುಬ್ಬಳ್ಳಿಗೆ ಒಂದು ಕನ್ಯೆ ನೋಡಲು ಕರೆದುಕೊಂಡು ಹೋದಳು. ಹುಡುಗಿಯ ತಂದೆ ರೇಲ್ವೆಯಲ್ಲಿ ಹೆಡ್ ಕ್ಲಾರ್ಕರು, ಗಡಿಯಾರದಂಥ ಮನುಷ್ಯ. ಉಪ್ಪಿಟ್ಟು ಬಂತು, ಶಿರಾ ಬಂತು, ಹುಡುಗಿ ಬಂದು ಹಾರ್ಮೋನಿಯಮ್ ಮುಂದೆ ಕೂತು ದೇವರನಾಮ ಎತ್ತಿಕೊಂಡಳು. ಎರಡನೆಯ ಚರಣಕ್ಕೆ ಗೋಡೆಯ ಗಡಿಯಾರ ನಾಲ್ಕು ಹೊಡೆಯಿತು. ನಾನು ಎದ್ದೆ. ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಹೋಗಿ, ವಾಯವ್ಯದಲ್ಲಿ ಹೂಕೋಸಿನ ಹಾಗೆ ಏಳುತ್ತಿದ್ದ ಒಂದು ಮೋಡವನ್ನು ಐದು ನಿಮಿಷ ಯಥಾಶಾಸ್ತ್ರವಾಗಿ ಪರೀಕ್ಷಿಸಿ ತಿರುಗಿ ಬಂದೆ. ಹಾಡು ನಿಂತಿತ್ತು. ಹುಡುಗಿಯ ಅಜ್ಜಿ ನನಗೂ ಕೇಳುವಂತೆ ತೀರ್ಪು ಕೊಟ್ಟಳು: “ಹುಡುಗ ಛಲೋ ಅದಾನ, ನೌಕರಿನೂ ಛಲೋ ಅದ. ಆದ್ರ ಮ್ಯಾಲ ಯಾರನ್ನೋ ನೋಡ್ತಾನ.” ನಾವು ರೈಲು ಹತ್ತಿದೆವು. ಮನೆಗೆ ಬಂದು ನೋಡಿದರೆ ಅದೇ ಮೋಡ ಧಾರವಾಡದ ಮೇಲೆ ಆಣೆಕಲ್ಲು ಸುರಿದು, ಮಾಳಿಗೆಯ ಮೇಲೆ ಅವ್ವ ಹಾಕಿ ಬಂದಿದ್ದ ಸಂಡಿಗೆಯನ್ನು ಅಂಬಲಿ ಮಾಡಿ ಹೋಗಿತ್ತು. ನನ್ನ ಶಾಸ್ತ್ರ ನಿಜವಾಯಿತೆಂದು ನಾನು ಹೇಳಿದೆ. ಅವ್ವನಿಗೆ ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ.

ಸಂಡಿಗೆಯ ಮಾತು ಬಂತಲ್ಲ, ನನ್ನ ವಿಜ್ಞಾನ ಹುಟ್ಟಿದ್ದೇ ಅಲ್ಲಿ. ಬೇಸಿಗೆಯ ಧಾರವಾಡ ನಿಮಗೆ ಗೊತ್ತು. ಮಧ್ಯಾಹ್ನ ನೆಲ ಕಾದ ಹಂಚು. ಮೂರರ ಸುಮಾರಿಗೆ ಎಲೆ ಅಲುಗದಷ್ಟು ಸ್ತಬ್ಧ. ಆಮೇಲೆ ಯಾವ ಮುನ್ಸೂಚನೆಯೂ ಇಲ್ಲದೆ ಪಡುವಣದಿಂದ ತಂಪಾದ ಒಂದು ಎಳೆ ಗಾಳಿ, ಕೆಲವು ದಿನ ಅದರ ಹಿಂದೆಯೇ ಗುಡುಗು ಮಳೆ. ಸಣ್ಣವನಿದ್ದಾಗ ನನ್ನನ್ನು ಮಾಳಿಗೆಯ ಮೇಲೆ ಸಂಡಿಗೆ ಕಾಯಲು ಕೂರಿಸುತ್ತಿದ್ದರು. ಕಾಗೆಗಳನ್ನು ನಾನು ಸಮರ್ಥವಾಗಿ ಎದುರಿಸಿದೆ. ಮಳೆಯ ಮುಂದೆ ಪ್ರತಿ ವರ್ಷ ಸೋತೆ. ಈ ಮಳೆ ಎಲ್ಲಿಂದ ಬರುತ್ತದೆ, ಒಣಗಿದ ಗಾಳಿಯಲ್ಲಿ ಅಷ್ಟೊಂದು ನೀರು ಎಲ್ಲಿ ಅಡಗಿತ್ತು ಎಂದು ಅಂದಿನಿಂದ ಯೋಚನೆ. ಮಿಕ್ಕವರು ಇಂಥ ಯೋಚನೆಯನ್ನು ಮೀಸೆ ಬರುವ ಹೊತ್ತಿಗೆ ಬಿಡುತ್ತಾರೆ. ನನಗೆ ಬಿಡಲಾಗಲಿಲ್ಲ, ಅದಕ್ಕೆ ಸರಕಾರ ಪಗಾರ ಕೊಟ್ಟಿತು.

ಆ ಪಗಾರ ಉಂಡದ್ದಕ್ಕೆ ನಾನು ಲೋಕಕ್ಕೆ ಕೊಟ್ಟದ್ದು ಒಂದೇ ಒಂದು ಶೋಧ. ಅದನ್ನು ನಾನೇ ನನ್ನ ಕೈಯಿಂದ ಹಿಂದಕ್ಕೆ ತೆಗೆದುಕೊಂಡೆ. ಯಾಕೆ ತೆಗೆದುಕೊಂಡೆ ಎಂಬುದು ಪುಣೆಯಲ್ಲಿ ಯಾರಿಗೂ ಗೊತ್ತಿಲ್ಲ. ಧಾರವಾಡದಲ್ಲಿ ಒಬ್ಬರಿಗೆ ಗೊತ್ತಿತ್ತು. ಅವರು ರಾಘಣ್ಣ ಮಾಸ್ತರು.

ರಾಘಣ್ಣ ಮಾಸ್ತರು ನಮ್ಮ ಸಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸುತ್ತಿದ್ದರು. ಸಾಲೆಯ ಹಿಂದಿನ ಬಯಲಿನಲ್ಲಿ ನಾಲ್ಕು ಕಾಲಿನ ಮೇಲೆ ನಿಂತ ಒಂದು ಬಿಳಿಯ ಪೆಟ್ಟಿಗೆ ಇತ್ತು, ಸುತ್ತಲೂ ಗಾಳಿಯಾಡುವ ಪಟ್ಟಿಗಳು. ಊರವರು ಅದನ್ನು ಪಾರಿವಾಳದ ಗೂಡೆಂದು ತಿಳಿದಿದ್ದರು. ಒಬ್ಬ ಮುದುಕಿ ಮಾತ್ರ ದೇವರಿರಬೇಕೆಂದು ಅಮಾವಾಸ್ಯೆಗೊಮ್ಮೆ ಕುಂಕುಮ ಹಚ್ಚಿ ಹೋಗುತ್ತಿದ್ದಳು. ಅದರೊಳಗೆ ಸರಕಾರದ ಥರ್ಮಾಮೀಟರುಗಳಿದ್ದವು. ಮಾಸ್ತರು ದಿನಾ ಎಂಟಕ್ಕೆ, ನಾಲ್ಕಕ್ಕೆ ಅವನ್ನು ಓದಿ ಪುಣೆಗೆ ತಂತಿ ಕೊಡಬೇಕು, ತಿಂಗಳಿಗೊಮ್ಮೆ ಅಂಕಿ ಬರೆದ ದಫ್ತರ ಕಳಿಸಬೇಕು. ಪೆಟ್ಟಿಗೆಯ ಬೀಗದ ಕೈ ಅವರ ಜನಿವಾರಕ್ಕೆ ಕಟ್ಟಿರುತ್ತಿತ್ತು.

ಥರ್ಮಾಮೀಟರುಗಳಲ್ಲಿ ಎರಡು ಮುಖ್ಯ. ಒಂದು ಒಣ ಥರ್ಮಾಮೀಟರು, ಸಾಮಾನ್ಯರದು. ಇನ್ನೊಂದು ಹಸಿ ಥರ್ಮಾಮೀಟರು. ಅದರ ಬುಡಕ್ಕೆ ತೆಳುವಾದ ಮಲಮಲ್ಲಿನ ಒಂದು ಚೂರು ಸುತ್ತಿ, ದಾರದ ಬತ್ತಿಯಿಂದ ಅದನ್ನು ಸದಾ ತೋಯಿಸಿ ಇಡುತ್ತಾರೆ. ಗಾಳಿ ಒಣಗಿದ್ದರೆ ಆ ಬಟ್ಟೆಯ ನೀರು ಬೇಗ ಆರಿ ಅದರ ಪಾದರಸ ಕೆಳಗಿಳಿಯುತ್ತದೆ. ಗಾಳಿಯಲ್ಲಿ ನೀರಿನಂಶವಿದ್ದರೆ ಇಳಿಯುವುದಿಲ್ಲ. ಎರಡರ ನಡುವಿನ ಅಂತರ ನೋಡಿ ಹವೆ ಎಷ್ಟು ತೇವವೆಂದು ಹೇಳುತ್ತಾರೆ. ಮಾಸ್ತರು ನಮಗೆ ಇದನ್ನು ಒಂದೇ ಮಾತಿನಲ್ಲಿ ಕಲಿಸಿದ್ದರು: ಇದು ಸಾದಾ ಥರ್ಮಾಮೀಟರು, ಇದು ಮಡಿ ಉಟ್ಟದ್ದು. ವರ್ಗಕ್ಕೆಲ್ಲ ನಗು ಬಂತು, ನನಗೆ ನೌಕರಿ ಬಂತು.

ಅವರು ಅಂಕಿ ಓದುವಾಗ ಬರೆದುಕೊಳ್ಳಲು ನನ್ನನ್ನು ಕರೆಯುತ್ತಿದ್ದರು. ಪೆಟ್ಟಿಗೆಯ ಬಾಗಿಲಿಗೆ ಅವರ ಅಗಲವಾದ ಬೆನ್ನು ಅಡ್ಡ, ಉಸಿರು ಬಿಗಿಹಿಡಿದು ಒಳಗೆ ನೋಡಿ ಅಂಕಿ ಹೇಳುವುದು; ಹಿಂದೆ ನಿಂತು ನಾನು ಬರೆಯುವುದು. ಮನುಷ್ಯನ ಉಸಿರು ಬಿದ್ದರೆ ಪಾದರಸ ಏರುತ್ತದೆ, ಆದ್ದರಿಂದ ಒಳಗೆ ಇಣುಕುವ ಹಕ್ಕು ಒಬ್ಬರಿಗೇ. ನಾನು ದೊಡ್ಡವನಾಗಿ, ಪುಣೆಗೆ ಹೋಗಿ, ಕೋಟು ಹಾಕಿಕೊಂಡು ರಜೆಗೆ ಬಂದಾಗಲೂ ಇದೇ ಕ್ರಮ. ಅವರು ಹೇಳುವುದು, ನಾನು ಬರೆಯುವುದು. ಅದು ಮುಗಿದ ಮೇಲೆ ಆ ಬಯಲಿನ ಅಂಚಿಗೇ ಇದ್ದ, ಮಾಳಮಡ್ಡಿಯ ಅವರ ಮನೆಯ ಕಟ್ಟೆಯ ಮೇಲೆ ಕೂತು ಒಗ್ಗರಣೆ ಅವಲಕ್ಕಿ ತಿನ್ನುತ್ತ ಮೋಡದ ಮಾತು. ಇಡೀ ಧಾರವಾಡದಲ್ಲಿ ಮೋಡದ ಬಗ್ಗೆ ಒಂದು ತಾಸು ಮಾತಾಡಬಲ್ಲವರು ನಾವಿಬ್ಬರೇ ಇದ್ದೆವು. ಉಳಿದವರೆಲ್ಲ ನನ್ನನ್ನು ಕೇಳುತ್ತಿದ್ದ ಪ್ರಶ್ನೆ ಒಂದೇ: ಮಳೆ ಯಾವಾಗ?

ಮಾಸ್ತರಿಗೆ ಮಕ್ಕಳಿರಲಿಲ್ಲ, ಹೆಂಡತಿ ಬೇಗ ತೀರಿಕೊಂಡರು. ಪುಣೆಯ ಕಪಾಟಿನಲ್ಲಿ ಒಮ್ಮೆ ಆಕೆ ತೀರಿದ ದಿನದ ಹಾಳೆಯನ್ನು ಹುಡುಕಿ ನೋಡಿದೆ. ನಾಲ್ಕು ಗಂಟೆಯ ಅಂಕಿಗಳಿದ್ದವು. ಎಂದಿನ ದುಂಡು ಅಕ್ಷರ, ಒಂದೂ ತಿದ್ದಿಲ್ಲ. ಅಂಥ ಮನುಷ್ಯ. ಅವರ ಇಡೀ ಆಯುಷ್ಯದ ಹೆಮ್ಮೆ ಆ ದಫ್ತರ: ಒಂದು ಹೊತ್ತೂ ತಪ್ಪಿಲ್ಲ, ಒಂದು ಅಂಕಿಯೂ ಸುಳ್ಳಿಲ್ಲ.

ಇನ್ನು ನನ್ನ ಶೋಧ. ಪುಣೆಯಲ್ಲಿ ದಕ್ಷಿಣದ ಊರುಗಳ ದಫ್ತರಗಳನ್ನು ತಿರುವಿ ಹಾಕುತ್ತಿದ್ದಾಗ ಒಂದು ಚಮತ್ಕಾರ ಕಣ್ಣಿಗೆ ಬಿತ್ತು. ಉಪ್ಪಿನ ಸತ್ಯಾಗ್ರಹದ ವರ್ಷದಿಂದ ಈಚೆಗೆ ಧಾರವಾಡದ ಬೇಸಿಗೆಯ ಹವೆ ಮುಂಚಿಗಿಂತ ತೇವವಾಗಿತ್ತು. ಮಳೆಗಾಲದಲ್ಲಿ ವ್ಯತ್ಯಾಸವಿಲ್ಲ, ಚೈತ್ರ ವೈಶಾಖದಲ್ಲಿ ಮಾತ್ರ. ನನ್ನ ಮಾಳಿಗೆ ನೆನಪಾಯಿತು, ಆ ಪಡುವಣ ಗಾಳಿ ನೆನಪಾಯಿತು. ಸಮುದ್ರದ ಗಾಳಿ ಘಟ್ಟ ಹತ್ತಿ ಧಾರವಾಡದವರೆಗೆ ಬರುತ್ತದೆ, ಮತ್ತು ಈಚಿನ ವರ್ಷಗಳಲ್ಲಿ ಹೆಚ್ಚು ಬರುತ್ತಿದೆ, ನಮ್ಮ ಬೇಸಿಗೆ ಮಳೆಗೆ ಅದೇ ನೀರು ಹೊರುತ್ತದೆ. ಇದು ನನ್ನ ಸಿದ್ಧಾಂತ.

ಇದರಲ್ಲಿ ಒಂದು ಸಣ್ಣ ತೊಡಕಿತ್ತು. ಹುಬ್ಬಳ್ಳಿಯ ಅಂಕಿಗಳಲ್ಲಿ ಸಮುದ್ರದ ಸುಳಿವೇ ಇರಲಿಲ್ಲ. ಕಾರವಾರದಿಂದ ಘಟ್ಟ ಹತ್ತಿ ಕಾಡು ದಾಟಿ ಬಂದ ಸಮುದ್ರ ಧಾರವಾಡದಲ್ಲಿ ಇಳಿದುಕೊಂಡು, ಹದಿಮೂರು ಮೈಲು ಮುಂದೆ ಹೋಗಲು ಒಲ್ಲೆನೆನ್ನುತ್ತಿತ್ತು. ವಿಜ್ಞಾನಿಗೆ ಇಲ್ಲಿ ಅನುಮಾನ ಬರಬೇಕಿತ್ತು. ಆದರೆ ನಾನು ವಿಜ್ಞಾನಿಯಾಗುವ ಮುಂಚೆ ಧಾರವಾಡದವನು. ನಾಜೂಕಿನ ವಸ್ತುವೆಲ್ಲ ಧಾರವಾಡದಲ್ಲಿ ನಿಂತುಬಿಡುತ್ತದೆ, ಹುಬ್ಬಳ್ಳಿಗೆ ಹೋಗುವುದು ಅರಳೆ ಮತ್ತು ಮೆಣಸಿನಕಾಯಿ ಎಂಬುದು ನಮಗೆ ಹಾಲಿನೊಂದಿಗೆ ಬಂದ ತಿಳಿವಳಿಕೆ. ಆದ್ದರಿಂದ ನಾನು ಘಟ್ಟದ ಸಾಲಿನಲ್ಲಿ ಧಾರವಾಡಕ್ಕೆ ನೇರವಾಗಿ ಒಂದು ಕಿಂಡಿಯಿದೆಯೆಂದು ಊಹಿಸಿ, ನಕಾಶೆಯಲ್ಲಿ ಅದನ್ನು ನೀಲಿ ಬಾಣದಿಂದ ತೋರಿಸಿ, ಪ್ರಬಂಧ ಮುಗಿಸಿದೆ. ಪ್ರಬಂಧ ಅಚ್ಚಿಗೆ ಹೋಯಿತು. ಕಚ್ಚಾ ಅಚ್ಚಿನ ಒಂದು ಪ್ರತಿಯನ್ನು ಗುರುದಕ್ಷಿಣೆಯೆಂದು ಮಾಸ್ತರಿಗೆ ಕಳಿಸಿದೆ. ನಮ್ಮ ಸಾಹೇಬರು, ಬಹಳ ಕಡಿಮೆ ಮಾತಿನ ಮನುಷ್ಯ, ಬೆನ್ನು ತಟ್ಟಿ, ಮುಂದಿನ ವರ್ಷ ಮೇಲಿನ ಜಾಗ ಖಾಲಿಯಾಗುತ್ತದೆ, ನಿನ್ನ ಹೆಸರು ನನ್ನ ಮನಸ್ಸಿನಲ್ಲಿದೆ ಎಂದರು. ಹುಬ್ಬಳ್ಳಿಯ ವಿಷಯವನ್ನು ಮಾತ್ರ ಒಮ್ಮೆ ಖುದ್ದಾಗಿ ನೋಡಿ ಬಾ ಎಂದು ಹೇಳಿ ರಜೆ ಕೊಟ್ಟರು.

ಆ ವೈಶಾಖದಲ್ಲಿ ಕೈಯಲ್ಲಿ ಗಿರಿಗಿರಿ ತಿರುಗಿಸಿ ನೋಡುವ ಜೋಡಿ ಥರ್ಮಾಮೀಟರು ಹಿಡಿದು ಊರಿಗೆ ಬಂದೆ. ಅದೂ ಒಣ, ಹಸಿ ಎರಡೂ ಇರುವ ಸಾಧನವೇ, ಹಿಡಿಕೆ ಹಿಡಿದು ಗಿರಕಿಯಂತೆ ಆಡಿಸಬೇಕು. ಹುಬ್ಬಳ್ಳಿ ದಾರಿಯ ಸತ್ತೂರ ದಾಟಿ ಬಯಲಿನಲ್ಲಿ ನಿಂತು ಆಡಿಸಿದೆ, ಎತ್ತುಗಳು ಬೆದರಿದವು. ಮಾಳಮಡ್ಡಿಯಲ್ಲಿ ಆಡಿಸಿದೆ, ನೆರೆಯ ಹೆಣ್ಣುಮಕ್ಕಳು ಅವ್ವನ ಬಗ್ಗೆ ಮರುಗಿದರು. ಎಲ್ಲೆಡೆ ಹವೆ ಹುಬ್ಬಳ್ಳಿಯಷ್ಟೇ ಒಣ. ಸಮುದ್ರವಿಲ್ಲ. ನಾಲ್ಕಕ್ಕೆ ಮಾಸ್ತರ ಪೆಟ್ಟಿಗೆಯ ಹತ್ತಿರ ಆಡಿಸಿ ನೋಡಿದೆ. ಅವರು ಒಳಗಿನಿಂದ ಹೇಳಿದ ಹಸಿ ಅಂಕಿ ನನ್ನದಕ್ಕಿಂತ ಎರಡು ಡಿಗ್ರಿ ಮೇಲಿತ್ತು.

ಜೀವಮಾನದಲ್ಲಿ ಮೊದಲ ಸಲ ನಾನು ಅವರ ಭುಜದ ಪಕ್ಕದಿಂದ ಇಣುಕಿದೆ. ಹಸಿ ಥರ್ಮಾಮೀಟರಿನ ಬುಡಕ್ಕೆ ಮಲಮಲ್ಲು ಇರಲಿಲ್ಲ. ಅಲ್ಲಲ್ಲಿ ಗಂಟಾದ, ದಪ್ಪ ನೂಲಿನ ಖಾದಿ ಇತ್ತು.

ನನ್ನ ಕಣ್ಣು ಎಲ್ಲಿದೆಯೆಂದು ಅವರಿಗೆ ತಿಳಿಯಿತು. ಸಿಕ್ಕಿಬಿದ್ದವರಂತೆ ಅಲ್ಲ, ತಡವಾಗಿಯಾದರೂ ಗುರುತಿಸಿದನಲ್ಲ ಎನ್ನುವ ಸಂತೋಷದಿಂದ ನಕ್ಕರು.

“ಇಲ್ಲೇ ಗರಗದ ಮಗ್ಗದ್ದು,” ಅಂದರು. “ಎಂಟು ವರ್ಷ ಆತು. ಉಪ್ಪಿನ ಗದ್ದಲದಾಗ ನನ್ನ ಜೋಡಿ ಇದ್ದವರೆಲ್ಲ ಜೈಲಿಗೆ ಹೋದ್ರು. ನಾ ಹೆಂಗ ಹೋಗ್ಲಿ ತಮ್ಮಾ? ಎಂಟಕ್ಕ ಇಲ್ಲಿರಬೇಕು, ನಾಲ್ಕಕ್ಕ ಇಲ್ಲಿರಬೇಕು. ನಾ ಒಳಗ ಹೋದ್ರ ಇದನ್ನ ಓದಾವ್ರು ಯಾರು? ಕಡೀಕ ವಿಚಾರ ಮಾಡಿದೆ. ಗಾಳಿ ನಮ್ಮದು, ನೀರು ನಮ್ಮದು. ಅರಿವಿ ಯಾಕ ವಿಲಾಯ್ತಿದಿರಬೇಕು?”

ಅಷ್ಟು ಹೇಳಿ, ತಮ್ಮ ಸ್ವಾತಂತ್ರ್ಯ ಹೋರಾಟವೆಲ್ಲ ಇದಿಷ್ಟೇ ಎನ್ನುವಂತೆ ಎರಡು ಬೆರಳಗಲ ತೋರಿಸಿದರು.

ಓದುವವರಿಗೆ ಒಂದು ಮಾತು. ದಪ್ಪ ಬಟ್ಟೆಯಲ್ಲಿ ನೀರು ಸರಿಯಾಗಿ ಆರುವುದಿಲ್ಲ, ಪಾದರಸ ಇಳಿಯಬೇಕಾದಷ್ಟು ಇಳಿಯುವುದಿಲ್ಲ, ಹವೆ ಇರುವುದಕ್ಕಿಂತ ತೇವವಾಗಿ ಕಾಣುತ್ತದೆ. ಮಳೆಗಾಲದಲ್ಲಿ ಹೇಗೂ ಏನೂ ಆರುವುದಿಲ್ಲ, ಆಗ ಖಾದಿಗೂ ಮಲಮಲ್ಲಿಗೂ ಭೇದವಿಲ್ಲ. ತಪಾಸಣೆಗೆ ಬಂದವರು ಬಟ್ಟೆ ಹಸಿಯಿದೆಯೇ ಎಂದು ಮುಟ್ಟಿ ನೋಡಿ ಹೋಗುತ್ತಿದ್ದರು, ಹಸಿಯಿತ್ತು. ಕಾರವಾರದಿಂದ ಘಟ್ಟದ ಕಿಂಡಿಯಲ್ಲಿ ನುಸುಳಿ ಧಾರವಾಡಕ್ಕೆ ಬಂದ ನನ್ನ ಸಮುದ್ರ ಗರಗದ ಮಗ್ಗದಿಂದ ಬಂದದ್ದಾಗಿತ್ತು.

ನಾನು ಅವರಿಗೆ ಹೇಳಲಿಲ್ಲ. ಹೇಳುವುದಕ್ಕೆ ಬಾಯಿ ತೆರೆದೆ, ಆಮೇಲೆ ಅದನ್ನು ಅವಲಕ್ಕಿ ತಿನ್ನಲು ಉಪಯೋಗಿಸಿದೆ. ಹೇಳಿದರೆ ಏನಾಗುತ್ತಿತ್ತು? ಮಾಸ್ತರೇ, ನೀವು ದೇಶಕ್ಕಾಗಿ ಮಾಡಿದ ಒಂದೇ ಕೆಲಸ ನಿಮ್ಮ ಆಯುಷ್ಯದ ಒಂದೇ ಹೆಮ್ಮೆಯನ್ನು ಎಂಟು ವರ್ಷದ ಮಟ್ಟಿಗೆ ಕಸ ಮಾಡಿದೆ ಎಂದು ಹೇಳಬೇಕಾಗುತ್ತಿತ್ತು. ಪುಣೆಗೆ ತಿಳಿಸಿದರೆ ಸರಕಾರದ ಸಾಧನಕ್ಕೆ ಖಾದಿ ಸುತ್ತಿದ ಮಾಸ್ತರನ ನೌಕರಿ ಉಳಿಯುತ್ತಿರಲಿಲ್ಲ. ಸುಮ್ಮನಿದ್ದರೆ ಸುಳ್ಳು ಸಮುದ್ರವೊಂದು ನನ್ನ ಹೆಸರಿನಲ್ಲಿ ಅಚ್ಚಾಗುತ್ತಿತ್ತು. ಪುಣೆಗೆ ಹೋಗುವ ರೈಲಿನಲ್ಲಿ ಮೂರನ್ನೂ ತೂಗಿ ನೋಡಿ, ನಾಲ್ಕನೆಯದನ್ನು ಮಾಡಿದೆ. ಲೆಕ್ಕದಲ್ಲಿ ನನ್ನಿಂದ ದೊಡ್ಡ ದೋಷವಾಗಿದೆ ಎಂದು ಬರೆದುಕೊಟ್ಟು ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಂಡೆ.

ಸಾಹೇಬರು ನನ್ನ ಪತ್ರ ಓದಿ ಕನ್ನಡಕ ತೆಗೆದರು. ಮಳೆ ಸುಳ್ಳಾಗುತ್ತದೆ, ಗಾಳಿ ಸುಳ್ಳಾಗುತ್ತದೆ, ಅದು ನಮ್ಮ ಕಸುಬಿನ ಹಣೆಬರಹ. ಆದರೆ ಕೂಡಿಸಿ ಕಳೆಯುವುದು ಸುಳ್ಳಾಗಬಾರದು ಎಂದರು. ಮೇಲಿನ ಜಾಗ ಬೇರೆಯವರಿಗೆ ಹೋಯಿತು. ನನ್ನನ್ನು ಸರಾಸರಿಯ ಮೇಜಿಗೆ ಹಾಕಿದರು. ಊರೂರಿನ ದಫ್ತರ ಬಂದಂತೆ ಸರಾಸರಿ ತೆಗೆದು ಕೋಷ್ಟಕದಲ್ಲಿ ತುಂಬುವ ಕೆಲಸ. ಆ ಖೋಲಿಯಲ್ಲಿ ನಾನು, ಆರು ಕಪಾಟು, ಒಂದು ಕಿಟಕಿ. ಸರಾಸರಿ ಎನ್ನುವುದು ಬಹಳ ಏಕಾಂತದ ವಸ್ತು, ಸ್ವಾಮಿ. ಅಂಥ ದಿನ ಎಂದೂ ಬಂದಿರುವುದಿಲ್ಲ, ಅಂಥ ಮಳೆಯಲ್ಲಿ ಯಾರೂ ತೊಯ್ದಿರುವುದಿಲ್ಲ.

ದೀಪಾವಳಿಗೆ ಊರಿಗೆ ಬಂದು ಮಾಸ್ತರ ಮನೆಗೆ ಹೋದೆ. ಅವರ ಮುಂದೆ ನನ್ನ ಪ್ರಬಂಧದ ಕಚ್ಚಾ ಅಚ್ಚು, ಅದರ ಪಕ್ಕ ಇನ್ನೂರು ಪುಟದ ಒಂದು ನೋಟಬುಕ್ಕು. ನೋಟಬುಕ್ಕು ಪೂರ್ತಿ ತುಂಬಿತ್ತು. ನಾನು ಪ್ರಬಂಧ ಹಿಂದಕ್ಕೆ ತೆಗೆದುಕೊಂಡ ಸುದ್ದಿ ಸಿಕ್ಕ ದಿನದಿಂದ ಅವರು ಅದರ ಪ್ರತಿಯೊಂದು ಲೆಕ್ಕವನ್ನೂ ಮತ್ತೆ ಮಾಡಿದ್ದರು.

“ಮೂರ ಸಲ ಮಾಡೇನಿ,” ಅಂದರು. “ನನ್ನ ಕೈಯಾಗ ಕಲತಾವ ಲೆಕ್ಕದಾಗ ತಪ್ಪಿದಾ ಅಂತ ಪುಣೇದವರು ಆಡ್ಕೋಬಾರದು. ತಪ್ಪು ಎಲ್ಲಿ ಅದ, ತೋರಸು.”

ನಾನು ಪುಟ ತಿರುವಿ, ಒಂದು ಕೂಡಿಕೆಯ ಮೇಲೆ ಬೆರಳಿಟ್ಟೆ. ಅವರು ನೋಟಬುಕ್ಕಿನಲ್ಲಿ ಆ ಜಾಗ ತೆಗೆದು ಓದಿ, ಇದು ಸರಿ ಅದ ಎಂದರು. ಇನ್ನೊಂದು ಕಡೆ ಬೆರಳಿಟ್ಟೆ. ಇದೂ ಸರಿ ಅದ ಎಂದರು. ಮೂರನೆಯದಕ್ಕೆ ನನ್ನ ಬೆರಳು ಎಲ್ಲಿ ಹೋಗಬೇಕೆಂದು ತಿಳಿಯದೆ ಪುಟದ ಮೇಲೆ ಅಲೆದಾಡಿ ನಿಂತಿತು. ಅವರು ಪುಟ ನೋಡಲಿಲ್ಲ, ನನ್ನ ಮುಖ ನೋಡಿದರು. ಹುಡುಗರು ಉತ್ತರವನ್ನು ಮೊದಲೇ ನೋಡಿಕೊಂಡು ಲೆಕ್ಕ ಮಾಡಿದಾಗ ಅವರು ಹೀಗೇ ನೋಡುತ್ತಿದ್ದರು. ನೋಟಬುಕ್ಕು ಮುಚ್ಚಿದರು.

“ಹಂಗಾದ್ರ ತಪ್ಪು ಲೆಕ್ಕದಾಗ ಇಲ್ಲ,” ಅಂದರು. ನಾಲ್ಕಾಗುತ್ತ ಬಂದಿತ್ತು. ಟೊಪ್ಪಿಗೆ ಇಟ್ಟುಕೊಂಡು ಪೆಟ್ಟಿಗೆಯ ಕಡೆ ನಡೆದರು. ಅಂಕಿ ಬರೆದುಕೋ ಬಾ ಎಂದು ಅಂದು ನನ್ನನ್ನು ಕರೆಯಲಿಲ್ಲ. ನಾನು ಕಟ್ಟೆಯ ಮೇಲೆ ಕೂತು, ಅವರು ಒಬ್ಬರೇ ಓದಿ ಒಬ್ಬರೇ ಬರೆಯುವುದನ್ನು ನೋಡಿದೆ.

ಹೊಸ ವರ್ಷದ ಮೊದಲ ದಫ್ತರ ಪುಣೆಯಲ್ಲಿ ನನ್ನ ಮೇಜಿಗೇ ಬಂತು. ಹಸಿ ಥರ್ಮಾಮೀಟರಿನ ಸಾಲಿನಲ್ಲಿ ಪ್ರತಿ ಹೊತ್ತಿಗೆ ಎರಡೆರಡು ಅಂಕಿ: ಮೇಲೆ ಶಾಯಿಯಲ್ಲಿ ಒಂದು, ಕೆಳಗೆ ಪೆನ್ಸಿಲಿನಲ್ಲಿ ಒಂದು. ವಿವರಣೆಯಿಲ್ಲ. ಐದು ನಿಮಿಷ ನೋಡಿದ ಮೇಲೆ ಅರ್ಥವಾಯಿತು. ಒಡೆದರೆ ಇರಲಿ ಎಂದು ಇಲಾಖೆಯವರು ಕೊಟ್ಟಿದ್ದ ಹೆಚ್ಚಿನ ಥರ್ಮಾಮೀಟರನ್ನು ಅವರು ಹೊರಗೆ ತೆಗೆದಿದ್ದರು. ಒಂದಕ್ಕೆ ಮಲಮಲ್ಲು, ಒಂದಕ್ಕೆ ಖಾದಿ; ಪಕ್ಕಪಕ್ಕದಲ್ಲಿ ತೂಗುಹಾಕಿ ಎರಡನ್ನೂ ಓದುತ್ತಿದ್ದರು. ಯಾವ ತಪ್ಪನ್ನು ನಾನು ಮುಚ್ಚಿಟ್ಟೆನೋ ಅದನ್ನು ಅಳೆದು ನನಗೇ ಕಳಿಸುತ್ತಿದ್ದರು. ಚೈತ್ರದಲ್ಲಿ ಎರಡು ಅಂಕಿಗಳ ನಡುವೆ ಅಂತರ ಹಿಗ್ಗಿತು, ಜ್ಯೇಷ್ಠದ ಮಳೆ ಹಿಡಿದೊಡನೆ ಮುಚ್ಚಿಹೋಯಿತು. ಒಂದು ಇಡೀ ವರ್ಷ, ದಿನಕ್ಕೆರಡು ಸಲ. ನನಗೆ ಯಾರೂ ಅಷ್ಟು ಉದ್ದನೆಯ ಪತ್ರ ಬರೆದಿಲ್ಲ. ಪಕ್ಕದ ಖೋಲಿಯ ಕಾರಕೂನ ಪೆನ್ಸಿಲಿನ ಅಂಕಿ ಏನೆಂದು ಕೇಳಿದ. ಮುದುಕರ ಕಣ್ಣು ಮಂಜಾಗಿದೆ, ಎರಡೆರಡು ಸಲ ಬರೆಯುತ್ತಾರೆ ಎಂದೆ.

ವರ್ಷದ ಕೊನೆಯ ಹಾಳೆಯಲ್ಲಿ ಷರಾ ಬರೆಯುವ ಜಾಗವಿತ್ತು. ಮಾಸ್ತರು ಆಣೆಕಲ್ಲು, ಗುಡುಗು ಬಿಟ್ಟರೆ ಅಲ್ಲಿ ಏನನ್ನೂ ಬರೆದವರಲ್ಲ. ಈ ಸಲ ನಾಲ್ಕು ಸಾಲು ಬರೆದು ಪೂರ್ಣ ಹೆಸರಿನಿಂದ ರುಜು ಹಾಕಿದ್ದರು. ಇಂಥ ದಿನದಿಂದ ಹಸಿ ಥರ್ಮಾಮೀಟರಿಗೆ ವಿಲಾಯತಿ ಬಟ್ಟೆಯನ್ನು ತೆಗೆದು ಗರಗದ ಖಾದಿಯನ್ನು ಬುದ್ಧಿಪೂರ್ವಕವಾಗಿ ಸುತ್ತಿದವನು ನಾನು. ಅಂದಿನಿಂದ ಹಸಿ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಇದರ ಜವಾಬ್ದಾರಿ ನನ್ನೊಬ್ಬನದು. ಸರಕಾರ ಯೋಗ್ಯ ಕಂಡದ್ದನ್ನು ಮಾಡಲಿ.

ಆ ಹಾಳೆಯನ್ನು ಸಾಹೇಬರಿಗೆ ತೋರಿಸಿದ್ದರೆ ನನ್ನ ಗಣಿತದ ಮಾನ ಉಳಿಯುತ್ತಿತ್ತು, ಬಹುಶಃ ಜಾಗವೂ ಸಿಗುತ್ತಿತ್ತು. ನಾನು ಮಹಾತ್ಯಾಗಿಯ ಗಾಂಭೀರ್ಯದಿಂದ ಅದನ್ನು ನನ್ನ ಕಪಾಟಿನಲ್ಲಿ ಹಾಕಿ ಬೀಗ ಜಡಿದೆ. ಕೋಷ್ಟಕದಲ್ಲಿ ಧಾರವಾಡದ ಆ ವರ್ಷಗಳ ತೇವದ ಮನೆಗಳಲ್ಲಿ ಒಂದೊಂದು ಗೆರೆ ಎಳೆದು, ಅಂಕಿ ಲಭ್ಯವಿಲ್ಲ ಎಂದು ಬರೆದೆ. ವಿಜ್ಞಾನಕ್ಕೂ ಅನ್ಯಾಯವಿಲ್ಲ, ಗುರುವಿಗೂ ಅಪಾಯವಿಲ್ಲ. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಎರಡು ತಿಂಗಳ ಮೇಲೆ ಮಾಸ್ತರಿಂದ ಒಂದು ಕಾರ್ಡು ಬಂತು. ಷರಾ ಮುಟ್ಟಿತೋ ಇಲ್ಲವೋ, ಅಷ್ಟೇ. ಆಗಲೇ ಯುದ್ಧ ಶುರುವಾಗಿತ್ತು. ಹವೆ, ಮಳೆ, ಥರ್ಮಾಮೀಟರು ಯಾವುದನ್ನೂ ಖಾಸಗಿ ಪತ್ರದಲ್ಲಿ ಬರೆಯಕೂಡದೆಂದು ನಮಗೆ ಕಟ್ಟಪ್ಪಣೆ. ವೈರಿಯ ವಿಮಾನಗಳಿಗೆ ಉಪಯೋಗವಾದೀತು. ನಾನು ಆ ಕಾಯಿದೆಯ ಹಿಂದೆ ಅಡಗಿಕೊಂಡು ಉತ್ತರ ಬರೆಯಲಿಲ್ಲ. ‘ಮುಟ್ಟಿತು’ ಎಂಬ ಮೂರಕ್ಷರದಿಂದ ಸಾಮ್ರಾಜ್ಯ ಉರುಳುತ್ತಿರಲಿಲ್ಲ. ಖರೇ ಹೇಳಬೇಕೆಂದರೆ ಅವರ ಪ್ರಾಮಾಣಿಕತೆಯ ಮುಂದೆ ನನ್ನ ಜಾಣತನವನ್ನು ಯಾವ ಭಾಷೆಯಲ್ಲಿ ಬರೆಯಬೇಕೋ ತಿಳಿಯಲಿಲ್ಲ.

ಆಮೇಲೆ ನನ್ನನ್ನು ಕರಾಚಿಗೆ, ಅಲ್ಲಿಂದ ಅಸ್ಸಾಮಿನ ಒಂದು ವಿಮಾನದ ಬಯಲಿಗೆ ಕಳಿಸಿದರು. ಬಿದಿರ ಗುಡಿಸಿಲಲ್ಲಿ ಕೂತು ವೈಮಾನಿಕರಿಗೆ ಮೋಡ ಹೇಳುವ ಕೆಲಸ. ಅಂಥ ಮಳೆಯನ್ನು ನಾನು ಹಿಂದೆಯೂ ಕಂಡಿಲ್ಲ, ಮುಂದೆಯೂ ಕಂಡಿಲ್ಲ. ಅದರ ಬಗ್ಗೆ ಯಾರಿಗೂ ಒಂದು ಸಾಲು ಬರೆಯುವಂತಿರಲಿಲ್ಲ. ಅಲ್ಲಿ ಮಳಿ ಆತೇನು ಎಂದು ಅವ್ವ ಪ್ರತಿ ಪತ್ರದಲ್ಲಿ ಕೇಳುತ್ತಿದ್ದಳು. ನಾನು ಆರೋಗ್ಯವಾಗಿದ್ದೇನೆ ಎಂದು ಉತ್ತರಿಸುತ್ತಿದ್ದೆ. ಯುದ್ಧ ಮುಗಿಯುವ ಮುಂಚೆ ಆ ಪ್ರಶ್ನೆ ನಿಂತುಹೋಯಿತು. ಅವ್ವನ ಕಾರ್ಯಕ್ಕೂ ನಾನು ಸಮಯಕ್ಕೆ ತಲುಪಲಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷ ಧಾರವಾಡಕ್ಕೆ ಬಂದೆ. ಮಾಸ್ತರು ನಿವೃತ್ತರಾಗಿದ್ದರು, ಪೆಟ್ಟಿಗೆಯ ಕೀಲಿ ಬೇರೊಬ್ಬರ ಹತ್ತಿರ ಹೋಗಿತ್ತು. ನನ್ನನ್ನು ಕಂಡು ಬಾರಪಾ ಎಂದರು, ಅವಲಕ್ಕಿ ತಾವೇ ಕಲಿಸಿ ತಂದರು, ಅಸ್ಸಾಮಿನ ಮೋಡ ಯಾವ ಜಾತಿಯದೆಂದು ವಿಚಾರಿಸಿ ಮಕ್ಕಳಂತೆ ಕಣ್ಣರಳಿಸಿ ಕೇಳಿದರು. ಆಮೇಲೆ ತಟ್ಟೆ ಕೆಳಗಿಟ್ಟು, ತಾವು ಬರೆದದ್ದು ಅಂದು ಮುಟ್ಟಿತ್ತೇ ಎಂದು ಕೇಳಿದರು. ಮುಟ್ಟಿತ್ತು ಎಂದೆ. ಯಾರಿಗೂ ತೋರಿಸಲಿಲ್ಲ, ಇಂದಿಗೂ ನನ್ನ ಬೀಗದಲ್ಲೇ ಇದೆ, ನೀವು ನಿಶ್ಚಿಂತರಾಗಿರಿ ಎಂದೆ. ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳಬೇಕು.

ಅವರು ಎದ್ದು ಒಳಗೆ ಹೋಗಿ ಒಂದು ಬಟ್ಟೆಯ ಚೀಲ ತಂದು ನನ್ನ ಮುಂದಿಟ್ಟರು. ಎರಡು ಧೋತರ, ಒಂದು ತಂಬಿಗೆ, ಹಲ್ಲುಪುಡಿ. ಧೋತರಗಳ ಮಡಿಕೆ ಹಳದಿಗಟ್ಟಿ ಸೀಳಿತ್ತು.

“ತಪ್ಪು ಮಾಡಬೇಕು, ಮಾಡೇನಿ ಅಂತ ಸರಕಾರಕ್ಕ ಬರದು ತಿಳಿಸಬೇಕು, ಬಂದು ಹಿಡೀಲಿ ಅಂತ ಬಾಗಲಾ ತಗದ ಕೂಡ್ರಬೇಕು. ಹಂಗ ಮಾಡಂತ ಹೇಳಿದ್ರಲ್ಲ ದೊಡ್ಡವರು? ನಾನೂ ಹಂಗ ಮಾಡಿದೆ,” ಅಂದರು. “ಮೂರ ವರ್ಷ ಈ ಚೀಲ ಬಾಗಲದಾಗ ಇತ್ತು.”

ಚಲೇಜಾವ್ ಚಳವಳಿಯಲ್ಲಿ ಓಣಿಯ ಹುಡುಗರನ್ನೆಲ್ಲ ಹಿಡಿದುಕೊಂಡು ಹೋದರಂತೆ, ಇವರ ಮನೆಗೆ ಯಾರೂ ಬರಲಿಲ್ಲವಂತೆ. ಒಂದು ಸಲ ಮಾತ್ರ ಒಬ್ಬ ಪೋಲೀಸ ಬಂದು ಬಾಗಿಲು ಬಡಿದನಂತೆ. ಮಾಸ್ತರು ದೇವರಿಗೆ ಕೈಮುಗಿದು, ಟೊಪ್ಪಿಗೆ ಇಟ್ಟುಕೊಂಡು, ಚೀಲ ಎತ್ತಿಕೊಂಡು ಹೊರಗೆ ಬಂದರು. ನಾಳೆ ಮಳೆ ಬರುವುದೋ ಹೇಗೆ, ಫೌಜದಾರರ ಮಗಳ ಮದುವೆಗೆ ಹಂದರ ಹಾಕಬೇಕಾಗಿದೆ ಎಂದು ಅವನು ಬಹಳ ವಿನಯದಿಂದ ವಿಚಾರಿಸಿದ. ಯುದ್ಧದ ಕಾಯಿದೆಯಂತೆ ಅದನ್ನೂ ಇವರು ಹೇಳುವಂತಿರಲಿಲ್ಲ. ಚೀಲ ಹಿಡಿದುಕೊಂಡೇ ಒಳಗೆ ಹೋದರಂತೆ.

ಇದನ್ನು ಹೇಳುವಾಗ ಅವರು ನಕ್ಕರು. ನಾನೂ ನಗಲು ನೋಡಿದೆ. ನನ್ನ ಪ್ರಬಂಧ ಹೋದದ್ದು, ಜಾಗ ಹೋದದ್ದು, ಸರಾಸರಿಯ ಖೋಲಿಯಲ್ಲಿ ಕೂತದ್ದು, ಎಲ್ಲವನ್ನೂ ಇಷ್ಟು ವರ್ಷ ಇವರ ಸಲುವಾಗಿ ಎಂದು ಎದೆಯಲ್ಲಿ ಜೋಪಾನ ಮಾಡಿದ್ದೆ. ಇವರನ್ನು ಉಳಿಸಿದೆನೆಂದು ತಿಳಿದಿದ್ದೆ. ಕಪಾಟಿನಲ್ಲಿ ಇವರನ್ನು ಬಂಧಿಸಿಟ್ಟವನು ನಾನೇ ಆಗಿದ್ದೆ, ಅದೂ ಇವರಿಗೆ ಬೇಡವಾದ ಜೈಲಿನಲ್ಲಿ.

ಆ ಹಾಳೆಯನ್ನು ಈಗಲಾದರೂ ಮೇಲಿನವರಿಗೆ ಕಳಿಸುತ್ತೇನೆ, ನಿಮ್ಮ ಹೆಸರಿನಿಂದಲೇ ಕಳಿಸುತ್ತೇನೆ ಎಂದೆ. ಅವರು ಚೀಲದ ಬಾಯಿಯನ್ನು ಮೆಲ್ಲಗೆ ಬಿಗಿದು ಕಟ್ಟುತ್ತ ತಲೆಯಲ್ಲಾಡಿಸಿದರು.

“ಬ್ಯಾಡ ತಮ್ಮಾ. ಈಗ ಸರಕಾರ ನಮ್ಮದು. ಆವಾಗ ಕೊಟ್ಟಿದ್ರ ಅದು ಸತ್ಯಾಗ್ರಹ ಆಗ್ತಿತ್ತು. ಈಗ ಕೊಟ್ರ ಬರೇ ತಪ್ಪು.”